ಅಂಗಳದ ಹಳೆಯ ಪಿಕಪ್: ಗುಜರಿಗೆ ಹಾಕುವ ಮುನ್ನ ಒಂದು ಲೆಕ್ಕ

ವ್ಯಾಪಾರಸ್ಥ ಮನೆತನಗಳಲ್ಲಿ ಹಿಸ್ಸೆ ನಡೆಯುವಾಗ ಅಂಗಡಿ, ಗೋದಾಮು, ಹೊಲ, ನಿವೇಶನ, ಬ್ಯಾಂಕಿನ ಠೇವಣಿ ಇವೆಲ್ಲಕ್ಕೂ ಬೆಲೆ ಕಟ್ಟುವವರು ಸಿಗುತ್ತಾರೆ. ಯಾರೂ ಬೆಲೆ ಕಟ್ಟದೆ ಉಳಿಯುವ ವಸ್ತು ಒಂದುಂಟು. ಹಿತ್ತಲಿನ ಬೇವಿನ ಮರದ ಕೆಳಗೋ, ಜಿನ್ನಿಂಗ್ ಕಾರ್ಖಾನೆಯ ಮೂಲೆಯಲ್ಲೋ ಗಾಳಿಯಿಳಿದ ಟೈರುಗಳ ಮೇಲೆ ನಿಂತಿರುವ ಹಿರಿಯರ ಕಾಲದ ಪಿಕಪ್ ವಾಹನವೇ ಅದು. ರಾಯಚೂರು ನಗರದ ಗಂಜಿನ ಅಡತಿ ಮನೆತನಗಳಿರಲಿ, ಮಾನ್ವಿಯ ಅಕ್ಕಿ ಗಿರಣಿಗಳವರಿರಲಿ, ದೇವದುರ್ಗದ ಕಾಳುಕಡಿ ವರ್ತಕರಿರಲಿ, ಇಂಥದೊಂದು ವಾಹನವನ್ನು ಕಂಡಿರದ ಮನೆತನ ವಿರಳ. ಒಬ್ಬರು ಅದನ್ನು ಗುಜರಿಗೆ ಹಾಕಬೇಕೆನ್ನುತ್ತಾರೆ, ಇನ್ನೊಬ್ಬರು ಹಿರಿಯರ ನೆನಪೆಂದು ಉಳಿಸಬೇಕೆನ್ನುತ್ತಾರೆ. ಎರಡೂ ಆಗದೆ ಅದು ಮತ್ತೆ ಹತ್ತು ಮಳೆಗಾಲ ಅಲ್ಲಿಯೇ ನಿಲ್ಲುತ್ತದೆ.

ಈಚಿನ ವರ್ಷಗಳಲ್ಲಿ ಮನೆಯ ಅಂಗಳದಲ್ಲಿಯೇ ಇಂಥ ವಾಹನವನ್ನು ಬಿಚ್ಚಿ, ದುರಸ್ತಿಗೊಳಿಸಿ, ಮರಳಿ ರಸ್ತೆಗಿಳಿಸುವ ಹವ್ಯಾಸ ಯುವಕರಲ್ಲಿ ಕಾಣಿಸಿಕೊಳ್ಳುತ್ತಿದೆ. ಇದನ್ನು ಹಣವುಳ್ಳವರ ಚಟವೆಂದು ತಳ್ಳಿಹಾಕುವುದು ಸುಲಭ. ಆದರೆ ವಿಷಯದಲ್ಲಿ ಕುಶಲ ಕೆಲಸಗಾರರ ಬದುಕು, ಜಿಲ್ಲೆಯ ವಾಣಿಜ್ಯದ ಇತಿಹಾಸ, ಕಾನೂನಿನಲ್ಲಿರುವ ಒಂದು ದೊಡ್ಡ ಕೊರತೆ ಮೂರೂ ಅಡಗಿವೆ. ಆದ್ದರಿಂದ ವ್ಯಾಪಾರಸ್ಥರ ವೇದಿಕೆಯಲ್ಲಿ ಇದರ ಚರ್ಚೆ ಅಪ್ರಸ್ತುತವೆನಿಸಲಾರದು.

ಸರಕು ಹೊತ್ತ ಬಂಡಿಗಳ ಇತಿಹಾಸ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಈ ಎರೆಭೂಮಿಯಲ್ಲಿ ಮೋಟಾರು ವಾಹನದ ಕಥೆ ಮೈಸೂರು ಸೀಮೆಯ ಕಥೆಗಿಂತ ಬೇರೆ. 1956ರ ನವೆಂಬರ್ 1ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆಯಾಗಿತ್ತು. ನಿಜಾಮ್ ಸರ್ಕಾರದ ರೈಲ್ವೆಯ ರಸ್ತೆ ಸಾರಿಗೆ ವಿಭಾಗವು 1932ರಲ್ಲಿ 27 ಬಸ್ಸುಗಳೊಂದಿಗೆ ಆರಂಭವಾಯಿತು. ಹೀಗೆ ಪ್ರಯಾಣಿಕರ ಸಾಗಣೆ ಬಹು ಬೇಗ ಸರ್ಕಾರದ ಕೈಗೆ ಬಂದಿತು. ಸರಕಿನ ಸಾಗಣೆ ಮಾತ್ರ ಎತ್ತಿನ ಬಂಡಿ ಮತ್ತು ಖಾಸಗಿ ವಾಹನಗಳ ಪಾಲಿಗೆ ಉಳಿಯಿತು.

ಮುಂಬಯಿಯಲ್ಲಿ ಜನರಲ್ ಮೋಟರ್ಸ್ ಕಂಪನಿಯು 1928ರಿಂದ ಷೆವ್ರೊಲೆ ವಾಹನಗಳನ್ನು ಜೋಡಿಸುತ್ತಿತ್ತು. 1953ರ ಸುಂಕ ಆಯೋಗದ ಶಿಫಾರಸಿನ ಬಳಿಕ, ದೇಶದಲ್ಲಿ ಉತ್ಪಾದನೆಯ ಯೋಜನೆಯಿಲ್ಲದೆ ಬರೀ ಬಿಡಿಭಾಗ ಜೋಡಿಸುತ್ತಿದ್ದ ವಿದೇಶಿ ಕಂಪನಿಗಳು ಹೊರನಡೆದವು. ಅನಂತರದ ದಿನಗಳು ಪ್ರೀಮಿಯರ್ ಕಂಪನಿಯ ಡಾಡ್ಜ್ ಮತ್ತು ಫಾರ್ಗೋ, ಹಿಂದುಸ್ತಾನ್ ಮೋಟರ್ಸ್‌ನ ಬೆಡ್‌ಫೋರ್ಡ್, ಟಾಟಾ ಮರ್ಸಿಡಿಸ್ ಬೆಂಜ್ ಲಾರಿಗಳವು. ಲಘು ವಾಹನಗಳ ಸಾಲಿನಲ್ಲಿ ಮಹೀಂದ್ರ ಕಂಪನಿಯ ವಿಲ್ಲಿಸ್ ಜೀಪು ಮುಖ್ಯವಾದುದು. 1965ರಲ್ಲಿ ಅದೇ ಕಂಪನಿ ಎಫ್‌ಸಿ 150 ಎಂಬ ಪೆಟ್ರೋಲ್ ಪಿಕಪ್ಪನ್ನು ತಯಾರಿಸತೊಡಗಿತು. ಚಾಲಕನ ಆಸನ ಎಂಜಿನ್ನಿನ ಮೇಲೆಯೇ ಬರುವಂಥ, ಮೂತಿಯಿಲ್ಲದ ಆ ಪುಟ್ಟ ವಾಹನವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. 1969ರಲ್ಲಿ ಬಜಾಜ್ ಟೆಂಪೋ ಕಂಪನಿಯ ಮೆಟಡೋರ್ ಬಂದಿತು. 1980ರ ದಶಕದಲ್ಲಿ ಜಪಾನಿನ ಸಹಯೋಗದ ಸ್ವರಾಜ್ ಮಜ್ದಾ, ಡಿಸಿಎಂ ಟೊಯೊಟಾ, ಐಷರ್ ಮಿತ್ಸುಬಿಷಿಗಳೂ, ಬೀದರಿಗೆ ಹತ್ತಿರದ ಜಹೀರಾಬಾದಿನ ಆಲ್ವಿನ್ ನಿಸಾನೂ ಬಂದವು. ಟಾಟಾ 407 ಬಂದದ್ದು 1986ರಲ್ಲಿ, ಟಾಟಾಮೊಬೈಲ್ 1988ರಲ್ಲಿ.

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಮಾನ್ವಿ, ಸಿಂಧನೂರುಗಳ ಹೊಲಗಳಿಗೆ ಹರಿದ ಮೇಲೆ ಭತ್ತ ಬಂದಿತು, ಭತ್ತದ ಹಿಂದೆ ಗಿರಣಿಗಳು ಬಂದವು. ಮುಂದೆ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆಗೂ ನೀರು ತಂದಿತು. ಹತ್ತಿ, ಭತ್ತ, ಶೇಂಗಾ, ತೊಗರಿ, ಬೀಜ, ಗೊಬ್ಬರಗಳನ್ನು ಮಳೆಗಾಲದ ಎರೆ ಕೆಸರಿನಲ್ಲಿ ಊರಿಂದೂರಿಗೆ ಮುಟ್ಟಿಸಿದ್ದು ದೊಡ್ಡ ಲಾರಿಗಳಲ್ಲ, ಈ ಚಿಕ್ಕ ವಾಹನಗಳು. ಅಂಗಡಿಗಳ ಕಿರ್ದಿ ಖತಾವಣಿ ಪುಸ್ತಕಗಳು ಗೆದ್ದಲು ತಿಂದು ಹೋಗಿರಬಹುದು. ಆ ವ್ಯಾಪಾರಕ್ಕೆ ಸಾಕ್ಷಿಯಾಗಿ ಉಳಿದಿರುವುದು ಹಿತ್ತಲಿನ ಆ ತಗಡಿನ ಬಂಡಿ.

ಮೊದಲು ಕಾಗದ, ಆಮೇಲೆ ಸ್ಪ್ಯಾನರ್

ಮನೆಯಲ್ಲಿ ವಾಹನ ಪುನರುಜ್ಜೀವನಕ್ಕೆ ಹೊರಟವರು ಸಾಮಾನ್ಯವಾಗಿ ಮೊದಲು ಎಂಜಿನ್ ಬಿಚ್ಚುತ್ತಾರೆ. ಮೊದಲು ಬಿಚ್ಚಬೇಕಾದುದು ಕಾಗದದ ಕಟ್ಟು. ವಾಹನ ಯಾರ ಹೆಸರಿನಲ್ಲಿದೆ, ನೋಂದಣಿ ಪತ್ರದಲ್ಲಿ ಯಾವ ವರ್ಗವೆಂದು ನಮೂದಾಗಿದೆ, ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು ಪತ್ರಕ್ಕೆ ತಾಳೆಯಾಗುತ್ತವೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದೆ ಒಂದು ರೂಪಾಯಿಯನ್ನೂ ಖರ್ಚು ಮಾಡುವುದು ವ್ಯವಹಾರಸ್ಥರ ಲಕ್ಷಣವಲ್ಲ.

1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ ಒಡೆಯರು ಗತಿಸಿದರೆ ವಾಹನ ಯಾರ ಸ್ವಾಧೀನಕ್ಕೆ ಬಂದಿತೋ ಅವರ ಹೆಸರಿಗೆ ಅದನ್ನು ವರ್ಗಾಯಿಸಬೇಕು. ಮರಣವಾದ 30 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಹಾಗೆ ತಿಳಿಸಿದವರು ಮೂರು ತಿಂಗಳವರೆಗೆ ವಾಹನವನ್ನು ಬಳಸಬಹುದು, ಅಷ್ಟರೊಳಗೆ ನಮೂನೆ 31ರಲ್ಲಿ ಅರ್ಜಿ ಸಲ್ಲಿಸಬೇಕು. ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಆಗಿರುವುದು ಇದಕ್ಕೆ ವಿರುದ್ಧ. ಅಜ್ಜ ಗತಿಸಿದ್ದಾರೆ, ಅನಂತರ ತಂದೆಯೂ ಗತಿಸಿದ್ದಾರೆ, ವಾಹನ ಮಾತ್ರ ಇನ್ನೂ ಅಜ್ಜನ ಹೆಸರಿನಲ್ಲಿಯೇ ಇದೆ. ಆಗ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಎಲ್ಲವೂ ಬೇಕಾಗುತ್ತವೆ. ಅಣ್ಣತಮ್ಮಂದಿರಲ್ಲಿ ಸೌಹಾರ್ದವಿರುವಾಗಲೇ ಈ ಸಹಿಗಳನ್ನು ಪಡೆಯುವುದು ಜಾಣತನ. ಗುಜರಿಯ ಬೆಲೆಯ ವಾಹನಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ಅದೇ ವಾಹನ ಮಿರುಗುವ ಬಣ್ಣ ಹೊತ್ತು ಬಾಗಿಲಿಗೆ ಬಂದು ನಿಂತ ದಿನ ಎಲ್ಲರಿಗೂ ಹಿರಿಯರ ನೆನಪು ಬರುತ್ತದೆ.

ಹಳೆಯ ವಾಹನಗಳ ವಿವರ ಗಣಕೀಕೃತ ದಾಖಲೆಗೆ ಏರಿರದಿದ್ದರೆ ಕಚೇರಿಯ ಹಳೆಯ ವಹಿಗಳನ್ನು ಹುಡುಕಿಸಬೇಕಾಗುತ್ತದೆ. ಹೈದರಾಬಾದ್ ರಾಜ್ಯದ ಕಾಲದ ಕಾಗದವಾದರೆ ಉರ್ದುವಿನಲ್ಲಿರುವ ಸಂಭವವೂ ಉಂಟು. ವಾಹನವನ್ನು ಬಳಸುತ್ತಿಲ್ಲವೆಂದು ತಿಳಿಸಿ ದಾಖಲೆಗಳನ್ನು ಒಪ್ಪಿಸಿರದಿದ್ದರೆ, 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯಂತೆ ತೆರಿಗೆಯ ಬಾಕಿ ಬೆಳೆದಿರಲೂಬಹುದು. ಇದನ್ನು ಮೊದಲೇ ವಿಚಾರಿಸದೆ ಕೆಲಸ ಆರಂಭಿಸಿದವರು ಕೊನೆಗೆ ಓಡುವ, ಆದರೆ ಓಡಿಸಲಾಗದ ವಾಹನದ ಒಡೆಯರಾಗುತ್ತಾರೆ.

ಇನ್ನೊಂದು ತೊಡಕು ಎಂಜಿನ್ನಿನದು. ಪೆಟ್ರೋಲ್ ದುಬಾರಿಯಾದಾಗ ಅನೇಕರು ಜೀಪು ಮತ್ತು ಪಿಕಪ್ಪುಗಳ ಮೂಲ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂಡಿಸಿಕೊಂಡರು. ಇಂಥ ಬದಲಾವಣೆಗೆ ಕಾಯ್ದೆಯ 52ನೇ ಕಲಮಿನಂತೆ ನೋಂದಣಿ ಅಧಿಕಾರಿಯ ಅನುಮತಿ ಬೇಕು, ಅದು ನೋಂದಣಿ ಪತ್ರದಲ್ಲಿ ನಮೂದಾಗಬೇಕು. ನಮೂದಾಗಿರದಿದ್ದರೆ ಆ ವಾಹನ ಕಾಗದದಲ್ಲಿ ಒಂದು, ಕಣ್ಣೆದುರಿಗೆ ಇನ್ನೊಂದು.

ಕಾನೂನಿನ ಕುರುಡು ಮೂಲೆ

ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ‘ವಿಂಟೇಜ್’ ವಾಹನಗಳಿಗೆ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿ ಉಳಿದಿರುವ ವಾಹನಗಳಿಗೆ ಇದು ಅನ್ವಯಿಸುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಸಂಖ್ಯಾಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವಿಕೆ, ನಿರ್ವಹಣೆ ಇಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಯಬಹುದು; ದಿನನಿತ್ಯದ ಅಥವಾ ವಾಣಿಜ್ಯದ ಬಳಕೆ ಸಲ್ಲದು. ಹಳೆಯ ವಾಹನಗಳನ್ನು ಕಾಪಾಡುವವರಿಗೆ ಇದು ಸ್ವಾಗತಾರ್ಹ ಹೆಜ್ಜೆಯೇ ಸರಿ.

ಆದರೆ ಈ ನಿಯಮದ ಬಾಗಿಲು ತೆರೆದಿರುವುದು ದ್ವಿಚಕ್ರ ವಾಹನಗಳಿಗೆ ಹಾಗೂ ‘ಎಂ 1’ ವರ್ಗದ, ಅಂದರೆ ಚಾಲಕನಲ್ಲದೆ ಎಂಟಕ್ಕಿಂತ ಹೆಚ್ಚು ಆಸನಗಳಿಲ್ಲದ ಪ್ರಯಾಣಿಕ ಕಾರುಗಳಿಗೆ. ಪಿಕಪ್ ಸರಕು ಸಾಗಿಸುವ ವಾಹನ, 3.5 ಟನ್ನಿನೊಳಗಿನ ಒಟ್ಟು ತೂಕದ ಸರಕು ವಾಹನಗಳು ‘ಎನ್ 1’ ವರ್ಗಕ್ಕೆ ಸೇರುತ್ತವೆ. ಪರಿಣಾಮವಾಗಿ, ಅರಸು ಮನೆತನದ ಗ್ಯಾರೇಜಿನಲ್ಲಿ ನಿಂತಿದ್ದ ಕಾರು ಪರಂಪರೆಯಾಗುತ್ತದೆ. ರೈತನ ಹತ್ತಿಯನ್ನು ಗಂಜಿಗೆ ತಂದ, ಅದೇ ವಯಸ್ಸಿನ ಪಿಕಪ್ ಬರೀ ಹಳೆಯ ಲಗೇಜು ಗಾಡಿಯಾಗಿ ಉಳಿಯುತ್ತದೆ.

ಸರಕು ವಾಹನವೆಂದು ನೋಂದಣಿಯಾದ ಪಿಕಪ್ಪಿಗೆ ಉಳಿದಿರುವುದು ಸಾಮಾನ್ಯ ಮಾರ್ಗ. ಎಂಟು ವರ್ಷ ದಾಟಿದ ಸಾರಿಗೆ ವಾಹನ ಪ್ರತಿ ವರ್ಷ ಅರ್ಹತಾ ಪತ್ರ ಪಡೆಯಬೇಕು. ಖಾಸಗಿ ವಾಹನವೆಂದು ನೋಂದಣಿಯಾಗಿದ್ದರೆ 15 ವರ್ಷಗಳ ಬಳಿಕ ಐದೈದು ವರ್ಷಕ್ಕೊಮ್ಮೆ ನವೀಕರಣ. 20 ವರ್ಷ ಮೀರಿದ ಲಘು ಮೋಟಾರು ವಾಹನದ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಲಾಯಿತು. ವರ್ಷಕ್ಕೆ ನಾಲ್ಕು ಬಾರಿ ಹೊರಬೀಳುವ ವಾಹನವನ್ನೂ ದಿನವೂ ದುಡಿಯುವ ವಾಹನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೆನಿಸದು.

‘ಮೂಲ ಸ್ವರೂಪ’ದ ಷರತ್ತೂ ವಿಚಾರಣೀಯ. ಶ್ರೀಮಂತರ ಕಾರಿಗೆ ಮೂಲ ಸ್ವರೂಪವನ್ನು ಉಳಿಸಿಕೊಳ್ಳುವ ಭಾಗ್ಯವಿತ್ತು. ದುಡಿಯುವ ವಾಹನ ಬದುಕಿದ್ದೇ ಬದಲಾವಣೆಯಿಂದ. ಎಂಜಿನ್ ಸವೆದಾಗ ಬೇರೆ ಎಂಜಿನ್, ತಗಡು ಹರಿದಾಗ ಊರಿನ ಕಮ್ಮಾರರ ತಗಡು, ಹಲಗೆ ಮುರಿದಾಗ ಬಡಿಗೇರರು ಕೂಡಿಸಿದ ಜಾಲಿ ಮರದ ಹಲಗೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಹಳೆಯ ವಾಹನಗಳ ಸಂಘಗಳನ್ನು ಒಗ್ಗೂಡಿಸಿರುವ ಫೀವಾ ಸಂಸ್ಥೆ, 1966ರಲ್ಲಿ ಸ್ಥಾಪನೆಯಾದದ್ದು, 30 ವರ್ಷ ದಾಟಿದ ವಾಹನವನ್ನು ಐತಿಹಾಸಿಕವೆಂದು ಪರಿಗಣಿಸುತ್ತದೆ. ವಾಹನ ದುಡಿಯುತ್ತಿದ್ದ ಕಾಲದಲ್ಲಿಯೇ ಆದ ಮಾರ್ಪಾಡುಗಳಿಗೆ ಅದರ ವರ್ಗೀಕರಣದಲ್ಲಿ ಪ್ರತ್ಯೇಕ ಸ್ಥಾನವಿದೆ. ಬ್ರಿಟನ್ನಿನಲ್ಲಿ 40 ವರ್ಷ ಮೀರಿದ, ಗಣನೀಯ ಬದಲಾವಣೆಯಾಗದ ವಾಹನಗಳಿಗೆ 2018ರಿಂದ ವಾರ್ಷಿಕ ತಪಾಸಣೆಯ ವಿನಾಯಿತಿ ದೊರೆತಿದೆ. ಭಾರತವೂ ಇವುಗಳನ್ನು ಕುರುಡಾಗಿ ಅನುಕರಿಸಬೇಕಿಲ್ಲ. ಆದರೆ ಸರಕು ವಾಹನಕ್ಕೂ ಚರಿತ್ರೆಯುಂಟೆಂಬ ಮಾತನ್ನಾದರೂ ಒಪ್ಪಬೇಕು.

ಅಂಗಳದ ಕೆಲಸ: ಕ್ರಮ ಮತ್ತು ಎಚ್ಚರಿಕೆ

ಕಾಗದದ ಕೆಲಸ ಮುಗಿದ ಮೇಲೆ ಕೈಕೆಲಸ. ಇಲ್ಲಿ ಕ್ರಮವೇ ಮುಖ್ಯ. ಅನುಭವಸ್ಥ ಮಿಸ್ತ್ರಿಗಳು ಹೇಳುವ ಕ್ರಮ ಇದು: ಮೊದಲು ಚಾಸಿಸ್ ಚೌಕಟ್ಟು, ಕಮಾನು ಪಾಟಾ, ಸ್ಟೀರಿಂಗ್, ಬ್ರೇಕ್, ಆಮೇಲೆ ಎಂಜಿನ್ ಮತ್ತು ಗೇರ್, ಅನಂತರ ವಿದ್ಯುತ್ ತಂತಿ, ಬಣ್ಣ ಎಲ್ಲಕ್ಕಿಂತ ಕೊನೆಗೆ. ಉತ್ಸಾಹಿಗಳು ಇದನ್ನು ತಿರುವುಮುರುವು ಮಾಡಿ ಮೊದಲು ಬಣ್ಣ ಬಳಿಸುತ್ತಾರೆ. ಬಣ್ಣಕ್ಕೆ ಹಣ ಹೋಗುತ್ತದೆ, ನೆರೆಹೊರೆಯವರ ಮೆಚ್ಚುಗೆಯೂ ಸಿಗುತ್ತದೆ, ಬ್ರೇಕಿಗೆ ಹಣವಿಲ್ಲದೆ ವಾಹನ ಮತ್ತೆ ಬೇವಿನ ಮರದ ಕೆಳಗೇ ಉಳಿಯುತ್ತದೆ.

ರಾಯಚೂರಿನ ಹವೆ ಈ ಕೆಲಸಕ್ಕೆ ಒಂದು ವಿಧದಲ್ಲಿ ಅನುಕೂಲ. ಕರಾವಳಿಯ ಉಪ್ಪುಗಾಳಿ ಇಲ್ಲಿಲ್ಲದ ಕಾರಣ ತಗಡು ಅಷ್ಟು ಬೇಗ ತುಕ್ಕು ಹಿಡಿದು ಉದುರುವುದಿಲ್ಲ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಹಾಳಾಗುವುದು ರಬ್ಬರು, ತಂತಿಯ ಹೊದಿಕೆ ಮತ್ತು ಮರ. ಆದ್ದರಿಂದ ನೋಡಲು ಗಟ್ಟಿಮುಟ್ಟಾಗಿ ತೋರುವ ವಾಹನದಲ್ಲಿಯೂ ಬ್ರೇಕಿನ ರಬ್ಬರು ಕಪ್ಪುಗಳು, ಇಂಧನದ ನಳಿಕೆಗಳು, ರೇಡಿಯೇಟರ್ ಹೋಸುಗಳು ಎಲ್ಲವನ್ನೂ ಹೊಸದಾಗಿ ಹಾಕಬೇಕು. ಕೆಸರು ಮತ್ತು ಎರೆಮಣ್ಣು ಮೆತ್ತಿಕೊಂಡು ಒಣಗಿದ ಚಾಸಿಸ್ಸಿನ ಒಳಮೂಲೆಗಳಲ್ಲಿ ಮಾತ್ರ ತುಕ್ಕು ಅಡಗಿರುತ್ತದೆ. ತೊಳೆದು ತಟ್ಟಿ ನೋಡದೆ ಅದು ತಿಳಿಯದು.

ವರ್ಷಗಟ್ಟಲೆ ನಿಂತ ಎಂಜಿನ್ನನ್ನು ಹೊಸ ಬ್ಯಾಟರಿ ಕಟ್ಟಿ ಸ್ಟಾರ್ಟ್ ಮಾಡಲು ಯತ್ನಿಸುವುದು ದೊಡ್ಡ ತಪ್ಪು. ಹಳೆಯ ಪೆಟ್ರೋಲ್ ಮತ್ತು ಆಯಿಲ್ ಹೊರತೆಗೆದು, ಪ್ಲಗ್ಗಿನ ರಂಧ್ರಗಳ ಮೂಲಕ ಸಿಲಿಂಡರುಗಳಿಗೆ ತೆಳುವಾದ ಎಣ್ಣೆ ಬಿಟ್ಟು, ಒಂದೆರಡು ದಿನ ನೆನೆಯಲು ಬಿಟ್ಟು, ಆಮೇಲೆ ಹ್ಯಾಂಡಲ್ಲಿನಿಂದ ಕೈಯಲ್ಲಿಯೇ ಮೆಲ್ಲಗೆ ತಿರುಗಿಸಬೇಕು. ಬಲವಂತ ಮಾಡಿದರೆ ಪಿಸ್ಟನ್ನಿನ ರಿಂಗುಗಳು ಮುರಿದು, ಉಳಿಯಬಹುದಾಗಿದ್ದ ಎಂಜಿನ್ ಲೇತಿನ ಪಾಲಾಗುತ್ತದೆ.

ಈಗಿನ ಪೆಟ್ರೋಲಿನ ವಿಷಯವೂ ಗಮನಾರ್ಹ. ದೇಶದಲ್ಲಿ 2025ರಿಂದ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಸರ್ವತ್ರ ಚಾಲ್ತಿಗೆ ಬಂದಿದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಹಳೆಯ ಕಾಲದ ರಬ್ಬರನ್ನು ಮೃದುಗೊಳಿಸಿ ಕೆಡಿಸುತ್ತದೆ. ಆದುದರಿಂದ ಇಂಧನ ಪಂಪಿನ ಡಯಾಫ್ರಮ್, ನಳಿಕೆ, ಕಾರ್ಬ್ಯುರೇಟರಿನ ಸೀಲುಗಳನ್ನು ಎಥನಾಲ್ ತಾಳುವಂಥವುಗಳಿಂದ ಬದಲಿಸಬೇಕು. ವಾಹನ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿಸಬಾರದು.

ಟೈರಿನ ವಿಷಯದಲ್ಲಿ ಒಂದು ಮಾತು. ಹಳೆಯ ಜೀಪುಗಳ 6.00-16 ಅಳತೆಯ ಟೈರು ಟ್ರ್ಯಾಕ್ಟರಿನ ಮುಂಗಾಲಿಗೂ ಬರುತ್ತದೆ, ಎಲ್ಲ ಅಂಗಡಿಗಳಲ್ಲಿಯೂ ಸಿಗುತ್ತದೆ. ಅಳತೆ ಒಂದೇ ಎಂದು ಅದನ್ನು ಪಿಕಪ್ಪಿಗೆ ಹಾಕುವವರುಂಟು. ಟ್ರ್ಯಾಕ್ಟರಿನ ಟೈರು ಹೆದ್ದಾರಿಯ ವೇಗಕ್ಕೆ ಮಾಡಿದ್ದಲ್ಲ. ಈ ಉಳಿತಾಯ ಜೀವಕ್ಕೆ ಮುಳುವಾಗಬಲ್ಲದು.

ಮನೆಯ ಅಂಗಳ ಗ್ಯಾರೇಜಲ್ಲ, ಅಲ್ಲಿ ಮಕ್ಕಳೂ ವೃದ್ಧರೂ ಓಡಾಡುತ್ತಾರೆ ಎಂಬುದನ್ನು ಮರೆಯಲಾಗದು. ಜಾಕಿನ ಮೇಲೆ ಮಾತ್ರ ನಿಲ್ಲಿಸಿದ ವಾಹನದ ಕೆಳಗೆ ಯಾರೂ ನುಸುಳಬಾರದು. ಗಟ್ಟಿಯಾದ ಸ್ಟ್ಯಾಂಡುಗಳು ಕಡ್ಡಾಯ. ಬರಿದಾದ ಪೆಟ್ರೋಲ್ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ, ಒಳಗುಳಿದ ಆವಿಗೆ ಬೆಸುಗೆಯ ಒಂದು ಕಿಡಿ ಸಾಕು. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳನ್ನು ಗಾಳಿ ಹಾಯಿಸಿ ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಉಜ್ಜುವಾಗ ಮುಖಗವಸು ಬೇಕು. ಇಳಿಸಿದ ಎಂಜಿನ್ ಆಯಿಲನ್ನು ಚರಂಡಿಗೆ ಚೆಲ್ಲುವುದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ವಿರುದ್ಧ. ಅದು ಅಧಿಕೃತ ಮರುಸಂಸ್ಕರಣೆ ಮಾಡುವವರಿಗೆ ಸೇರಬೇಕು.

ಲಾಭ ನಷ್ಟದ ಮಾತು

ವ್ಯಾಪಾರಸ್ಥರ ಮುಂದೆ ಯಾವುದೇ ಹವ್ಯಾಸವನ್ನು ಇಟ್ಟಾಗ ಬರುವ ಮೊದಲ ಪ್ರಶ್ನೆ ಲಾಭದ್ದು. ಸ್ಪಷ್ಟವಾಗಿ ಹೇಳುವುದಾದರೆ, ಪಿಕಪ್ ಪುನರುಜ್ಜೀವನವನ್ನು ಹೂಡಿಕೆಯೆಂದು ಭಾವಿಸಬಾರದು. ಮಹಾನಗರಗಳ ಪ್ರದರ್ಶನಗಳಲ್ಲಿ ಬೆಲೆ ಬರುವುದು ಅಪರೂಪದ ಕಾರುಗಳಿಗೆ. ಸರಕು ವಾಹನಕ್ಕೆ ಕೊಳ್ಳುವವರು ಕಡಿಮೆ. ಸಾಲ ತೆಗೆದು ಈ ಕೆಲಸಕ್ಕೆ ಕೈ ಹಾಕುವುದಂತೂ ಸರ್ವಥಾ ಸಲ್ಲದು.

ಖರ್ಚನ್ನು ಮೂರು ಬಾಬತ್ತುಗಳಲ್ಲಿ ಬರೆದಿಡುವುದು ಒಳ್ಳೆಯ ಪದ್ಧತಿ. ಸುರಕ್ಷತೆಗೆ ಬೇಕಾದುದು ಮೊದಲನೆಯದು. ಓಡಲು ಬೇಕಾದುದು ಎರಡನೆಯದು. ಅಲಂಕಾರಕ್ಕೆ ಬೇಕಾದುದು ಮೂರನೆಯದು. ಮೊದಲನೆಯದರಲ್ಲಿ ಚೌಕಾಸಿ ಮಾಡಬಾರದು, ಎರಡನೆಯದರಲ್ಲಿ ಅವಸರಿಸಬಾರದು, ಮೂರನೆಯದರಲ್ಲಿ ಸಂಕೋಚವಿಲ್ಲದೆ ಮುಂದೂಡಬಹುದು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಏಕರೂಪವಾಗಿ ಶೇಕಡಾ 18 ಆಗಿದೆ. ಮೊದಲು ಶೇಕಡಾ 28 ತೆರುತ್ತಿದ್ದ ಭಾಗಗಳಿಗೆ ಇದರಿಂದ ಹೊರೆ ತಗ್ಗಿದೆ.

ವಾಹನ ಮನೆಯವರ ಹೆಸರಿನಲ್ಲಿದೆಯೋ ಪೇಢಿಯ ಲೆಕ್ಕದಲ್ಲಿದೆಯೋ ಎಂಬುದೂ ಮುಖ್ಯ. 2024ರ ಡಿಸೆಂಬರಿನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 55ನೇ ಸಭೆಯ ನಿರ್ಣಯದಂತೆ ನೋಂದಾಯಿತ ವರ್ತಕರು ಹಳೆಯ ವಾಹನ ಮಾರಿದಾಗ ಲಾಭಾಂಶದ ಮೇಲೆ ಶೇಕಡಾ 18 ತೆರಿಗೆ ಬೀಳುತ್ತದೆ. ಸವಕಳಿ ತೆಗೆದಿದ್ದರೆ, ಮಾರಾಟದ ಬೆಲೆಯಲ್ಲಿ ಸವಕಳಿ ಕಳೆದ ಬೆಲೆಯನ್ನು ವಜಾ ಮಾಡಿ ಉಳಿದುದೇ ಲಾಭಾಂಶ. ದಶಕಗಳ ಸವಕಳಿಯ ಬಳಿಕ ಪುಸ್ತಕದಲ್ಲಿ ವಾಹನದ ಬೆಲೆ ಶೂನ್ಯದ ಸಮೀಪವಿರುತ್ತದೆ. ಆದುದರಿಂದ ಮಾರುವ ಆಲೋಚನೆಯಿದ್ದರೆ ಲೆಕ್ಕಿಗರನ್ನು ಮೊದಲೇ ಕೇಳುವುದು ಲೇಸು.

ಹಾಗಾದರೆ ಲಾಭವೇ ಇಲ್ಲವೇ? ಇದೆ, ಆದರೆ ಅದು ಮಾರಾಟದಲ್ಲಿಲ್ಲ. ಮೂರು ತಲೆಮಾರಿನ ಪೇಢಿಗೆ ತನ್ನ ಬಾಳಿಕೆಯನ್ನು ಗಿರಾಕಿಗೆ ತೋರಿಸಲು ಅಂಗಡಿಯ ಮುಂದೆ ನಿಂತ, ಸ್ವಂತ ದುಡಿಮೆಯ ಪಿಕಪ್ಪಿಗಿಂತ ನಂಬಿಕೆಯ ಸಾಕ್ಷಿ ಬೇರೊಂದಿಲ್ಲ. ಜೊತೆಗೆ, ಈ ಹಣ ಹರಿಯುವುದು ದೂರದ ಕಂಪನಿಗಳಿಗಲ್ಲ. ಊರಿನ ಲೇತಿಗೆ, ತಗಡು ಬಡಿಯುವವರಿಗೆ, ಸೀಟು ಹೊಲಿಯುವವರಿಗೆ, ಬಡಿಗೇರರಿಗೆ.

ಕೈಕಸುಬಿನ ಕೊನೆಯ ತಲೆಮಾರು

ವಿಷಯದ ಮರ್ಮವಿರುವುದು ಇಲ್ಲಿಯೇ. ಕಾರ್ಬ್ಯುರೇಟರನ್ನು ಕಿವಿಯಿಂದಲೇ ಸರಿಹೊಂದಿಸುವ, ಸಿಬಿ ಪಾಯಿಂಟಿನ ಅಂತರವನ್ನು ಕಣ್ಣಳತೆಯಲ್ಲಿ ಹೇಳುವ, ಸಿಗದ ಬುಷ್ಷನ್ನು ಹಿತ್ತಾಳೆಯಲ್ಲಿ ಕಡೆದು ಕೊಡುವ ಕುಶಲಕರ್ಮಿಗಳು ಈಗ ವೃದ್ಧರಾಗಿದ್ದಾರೆ. ಅವರಲ್ಲಿ ಬಹುಪಾಲಿನವರು ಶಾಲೆಯಲ್ಲಿ ಕಲಿತವರಲ್ಲ. ಉಸ್ತಾದರ ಕೈಕೆಳಗೆ ಸ್ಪ್ಯಾನರ್ ಹಿಡಿದು ಕಲಿತವರು. ಅವರ ಮಕ್ಕಳು ಈ ಕಸುಬಿಗೆ ಬರುತ್ತಿಲ್ಲ. ಬರುವವರು ಗಣಕಯಂತ್ರ ಜೋಡಿಸಿ ದೋಷ ಹುಡುಕುವ ಇಂದಿನ ವಾಹನಗಳನ್ನು ಕಲಿಯುತ್ತಾರೆ; ಅದು ಸಹಜ, ಅದು ಬೇಕು ಕೂಡ.

ಹಳೆಯ ವಿದ್ಯೆ ಕೇವಲ ಹಳೆಯ ಜೀಪಿಗೆ ಬೇಕಾದುದೆಂದು ತಿಳಿಯುವುದು ಸರಿಯಲ್ಲ. ಹೊಲಗಳಲ್ಲಿ ದುಡಿಯುತ್ತಿರುವ ಹಳೆಯ ಟ್ರ್ಯಾಕ್ಟರುಗಳು, ಡೀಸೆಲ್ ಪಂಪುಸೆಟ್ಟುಗಳು, ಗಿರಣಿಗಳ ಹಳೆಯ ಯಂತ್ರಗಳು ಎಲ್ಲವೂ ಇದೇ ಜ್ಞಾನದ ಮೇಲೆ ನಿಂತಿವೆ. ಸುಗ್ಗಿಯ ದಿನಗಳಲ್ಲಿ ದೇವದುರ್ಗದ ಹಳ್ಳಿಯೊಂದರಲ್ಲಿ ಕೆಟ್ಟು ನಿಂತ ಯಂತ್ರಕ್ಕೆ ಸಿಗದ ಬಿಡಿಭಾಗವನ್ನು ಅಲ್ಲಿಯೇ ಮಾಡಿಕೊಡಬಲ್ಲವನು ಇಲ್ಲವಾದರೆ ಆಗುವ ನಷ್ಟ ಬರೀ ರೈತನದಲ್ಲ, ಸರಕಿಗಾಗಿ ಕಾದಿರುವ ಗಂಜಿನದೂ ಹೌದು. ಒಂದು ಪಿಕಪ್ಪಿನ ಪುನರುಜ್ಜೀವನ ಇಬ್ಬರು ಯುವಕರಿಗೆ ಆರು ತಿಂಗಳ ಪಾಠಶಾಲೆಯಾಗಬಲ್ಲದು.

ರಾಜ್ಯದ 150 ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳನ್ನು ಖಾಸಗಿ ಸಹಯೋಗದಲ್ಲಿ ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿ 2022ರ ಜೂನಿನಲ್ಲಿ ಉದ್ಘಾಟಿಸಲಾಯಿತು. ಹೊಸ ಯಂತ್ರಗಳ ಪಕ್ಕದಲ್ಲಿ ಒಂದು ಹಳೆಯ ಎಂಜಿನ್ನಿಗೂ ಜಾಗ ಕೊಡುವುದು ಕಷ್ಟವೇನಲ್ಲ. ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಯ ವಿದ್ಯಾರ್ಥಿಗಳು ಒಬ್ಬ ಹಿರಿಯ ಮಿಸ್ತ್ರಿಯ ಕೈಕೆಳಗೆ ಒಂದು ವಾಹನವನ್ನು ಬಿಚ್ಚಿ ಕೂಡಿಸಿದರೆ, ಯಂತ್ರದ ಅಂತರಂಗ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಆಕ್ಷೇಪಗಳಿಗೆ ಉತ್ತರ

ಹಳೆಯ ವಾಹನಗಳು ಹೊಗೆಯುಗುಳುತ್ತವೆ, ಅವು ಅಸುರಕ್ಷಿತ, ಅವುಗಳ ಹೆಸರಿನಲ್ಲಿ ಚಾಸಿಸ್ ಸಂಖ್ಯೆಯ ಮೋಸ ನಡೆಯುತ್ತದೆ ಎಂಬ ಮೂರು ಆಕ್ಷೇಪಗಳಿವೆ. ಮೂರರಲ್ಲಿಯೂ ಸತ್ಯಾಂಶವಿದೆ. ಹಳೆಯ ಎಂಜಿನ್ ಇಂದಿನ ಎಂಜಿನ್ನಿಗಿಂತ ಹೆಚ್ಚು ಮಾಲಿನ್ಯ ಉಂಟುಮಾಡುವುದು ನಿಜ. ಆದುದರಿಂದಲೇ ಅದನ್ನು ಬಾಡಿಗೆಗೆ ದುಡಿಸದೆ, ಮಿತಿಯೊಳಗೆ ಓಡಿಸುವ ವ್ಯವಸ್ಥೆ ಬೇಕೆಂಬುದು. ಇಂದು ಅಂಥ ಮಿತಿಯೊಳಗೆ ಬರಲು ಸಿದ್ಧನಿರುವ ಪಿಕಪ್ಪಿನ ಒಡೆಯನಿಗೆ ಕಾನೂನು ಅವಕಾಶವನ್ನೇ ಕೊಟ್ಟಿಲ್ಲ. ಹಿಂಬಾಗಿಲಿನ ವ್ಯವಹಾರಕ್ಕೆ ಎಡೆಯಾಗುವುದು ಮುಂಬಾಗಿಲು ಮುಚ್ಚಿದಾಗ.

2021ರ ವಾಹನ ಗುಜರಿ ನೀತಿಗೂ ಇದಕ್ಕೂ ವಿರೋಧವಿಲ್ಲ. ಆ ನೀತಿ ಖಾಸಗಿ ವಾಹನಗಳ ವಿಷಯದಲ್ಲಿ ಕೇವಲ ವಯಸ್ಸನ್ನಲ್ಲ, ಅರ್ಹತೆಯನ್ನು ಆಧಾರವಾಗಿರಿಸಿಕೊಂಡಿದೆ. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ಮಾತ್ರ 2023ರ ಏಪ್ರಿಲ್ 1ರಿಂದ ರದ್ದಾಗುತ್ತಿದೆ. ಚಾಸಿಸ್ ಕೊಳೆತ, ಕಾಗದವಿಲ್ಲದ, ಬಿಡಿಭಾಗ ಸಿಗದ ವಾಹನ ನೋಂದಾಯಿತ ಗುಜರಿ ಕೇಂದ್ರಕ್ಕೆ ಹೋಗುವುದೇ ಸರಿ. ಎಲ್ಲ ಹಳೆಯದೂ ಉಳಿಯಬೇಕೆಂಬ ಹಠ ಸಾಧುವಲ್ಲ. ಉಳಿಯಲು ಯೋಗ್ಯವಾದುದು ಅಜ್ಞಾನದಿಂದ ಅಳಿಯಬಾರದೆಂಬುದಷ್ಟೇ ವಾದ.

ಆಗಬೇಕಾದುದು

ಈ ದಿಶೆಯಲ್ಲಿ ವಾಣಿಜ್ಯ ಸಂಸ್ಥೆಗಳು ನಾಲ್ಕು ಕೆಲಸಗಳನ್ನು ಕೈಗೊಳ್ಳಬಹುದು. ಒಂದು, ವಿಂಟೇಜ್ ನಿಯಮದ ವ್ಯಾಪ್ತಿಗೆ ‘ಎನ್ 1’ ವರ್ಗದ ಲಘು ಸರಕು ವಾಹನಗಳನ್ನೂ ಸೇರಿಸಿ, ದುಡಿಮೆಯ ಕಾಲದಲ್ಲಿ ಆಗಿ ದಾಖಲಾದ ಮಾರ್ಪಾಡುಗಳನ್ನು ಮಾನ್ಯ ಮಾಡುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯಕ್ಕೆ ಮನವಿ ಸಲ್ಲಿಸುವುದು. ಎರಡು, ಗತಿಸಿದವರ ಹೆಸರಿನಲ್ಲಿಯೇ ಉಳಿದ ಹಳೆಯ ವಾಹನಗಳ ವರ್ಗಾವಣೆಗೆ ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿ ವರ್ಷಕ್ಕೊಮ್ಮೆ ವಿಶೇಷ ಶಿಬಿರ ನಡೆಸುವಂತೆ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕೋರುವುದು. ಮೂರು, ಜಿಲ್ಲೆಯಲ್ಲಿ ಉಳಿದಿರುವ ಹಳೆಯ ಸರಕು ವಾಹನಗಳ ಹಾಗೂ ಅವುಗಳನ್ನು ಬಲ್ಲ ಕುಶಲಕರ್ಮಿಗಳ ಪಟ್ಟಿಯನ್ನು ಸಿದ್ಧಪಡಿಸುವುದು. ನಾಲ್ಕು, ತರಬೇತಿ ಸಂಸ್ಥೆಗಳಿಗೆ ಒಂದಾದರೂ ಹಳೆಯ ವಾಹನವನ್ನು ದಾನವಾಗಿ ಒದಗಿಸಿ, ಹಿರಿಯ ಮಿಸ್ತ್ರಿಗಳಿಗೆ ಗೌರವಧನ ಕೊಟ್ಟು ಪಾಠ ಹೇಳಿಸುವುದು. ಇವುಗಳಲ್ಲಿ ಮೊದಲನೆಯದಕ್ಕೆ ಕಾಲ ಹಿಡಿಯುತ್ತದೆ. ಉಳಿದ ಮೂರಕ್ಕೆ ಬೇಕಾದುದು ಇಚ್ಛೆ ಮಾತ್ರ.

ಕಾರುಗಳಿಗೆ ರಾಜ್ಯದಲ್ಲಿ ಆಶ್ರಯ ದೊರೆತಿದೆ. ಧರ್ಮಸ್ಥಳದ ಸಂಗ್ರಹವೂ, ಶ್ರೀರಂಗಪಟ್ಟಣದ ಸಮೀಪದ ‘ಪಯಣ’ ಸಂಗ್ರಹಾಲಯವೂ ಅದಕ್ಕೆ ನಿದರ್ಶನ. ಹತ್ತಿ ಮತ್ತು ಭತ್ತ ಹೊತ್ತ ಪಿಕಪ್ಪುಗಳಿಗೆ ಅಂಥ ಆಶ್ರಯವಾಗಬೇಕಾದುದು ಅವು ದುಡಿದ ಊರು, ಅವುಗಳಿಂದ ಬೆಳೆದ ಮನೆತನ. ಉಳಿಸುವ ನಿರ್ಧಾರವಾದರೂ ಸರಿ, ಗುಜರಿಗೆ ಕೊಡುವ ನಿರ್ಧಾರವಾದರೂ ಸರಿ, ಅದು ಲೆಕ್ಕ ಹಾಕಿ ಆಗಬೇಕು. ಅದಕ್ಕಾಗಿ ವಾರಸುದಾರರು ಈ ವರ್ಷವೇ ನೋಂದಣಿ ಪತ್ರವನ್ನು ಪೆಟ್ಟಿಗೆಯಿಂದ ಹೊರತೆಗೆದು, ಪೆನ್ಸಿಲ್ಲಿನಿಂದ ಚಾಸಿಸ್ ಸಂಖ್ಯೆಯ ಅಚ್ಚು ತೆಗೆದು, ಎರಡನ್ನೂ ಒಟ್ಟಿಗಿಟ್ಟು ನೋಡಲಿ. ಸಂಖ್ಯೆಗಳು ತಾಳೆಯಾದರೆ ಸ್ಪ್ಯಾನರ್ ಹಿಡಿಯಲು ಕಾರಣವಿದೆ. ಹಳೆಯ ಮಿಸ್ತ್ರಿ ಇನ್ನೂ ಕೆಲಸ ಮಾಡುತ್ತಿರುವಾಗಲೇ ಹಿಡಿಯುವುದು ಮೇಲು.